ಹಳೆಯ ಟ್ಯಾಬ್ಲೆಟ್ಟಿಗೆ ಮೂಲ ತಂತ್ರಾಂಶ ತುಂಬುವ ಕ್ರಮ

ನುಗ್ಗೇಹಳ್ಳಿ ಹೋಬಳಿಯ ಗ್ರಾಮಸ್ಥರಲ್ಲಿ ವಿಜ್ಞಾಪನೆ. ೨೦೨೦ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಕ್ಕಳ ಪಾಠಕ್ಕೆಂದು ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಂಡ ಟ್ಯಾಬ್ಲೆಟ್ಟುಗಳು, ಪಟ್ಟಣದ ನೆಂಟರು ತಾವು ಬಳಸಿ ಕೊಟ್ಟ ಟ್ಯಾಬ್ಲೆಟ್ಟುಗಳು ಈಗ ಕೆಲವು ಮನೆಗಳ ಗೂಡಿನಲ್ಲಿ, ಅಟ್ಟದ ಮೇಲೆ ಬಿದ್ದಿವೆ. ಗುಂಡಿ ಒತ್ತಿದರೆ ಕಂಪೆನಿಯ ಹೆಸರು ಮೂಡುತ್ತದೆ, ಆರುತ್ತದೆ, ಮತ್ತೆ ಮೂಡುತ್ತದೆ, ಅದರಿಂದಾಚೆಗೆ ಹೋಗುವುದಿಲ್ಲ. ಸತ್ತುಹೋಯಿತೆಂದು ಗುಜರಿಯವನಿಗೆ ಕೊಡುವ ಮುಂಚೆ ಈ ಲೇಖನವನ್ನು ಒಮ್ಮೆ ಓದಿ ನೋಡಿರಿ. ಎಷ್ಟೋ ವೇಳೆ ಕೆಟ್ಟಿರುವುದು ಯಂತ್ರವಲ್ಲ, ಅದರೊಳಗಿನ ಬರವಣಿಗೆ.

ಈ ಬರವಣಿಗೆಗೆ ಫರ್ಮ್‌ವೇರ್ ಎಂದು ಹೆಸರು. ಕಾರ್ಖಾನೆಯಿಂದ ಹೊರಬಂದಾಗ ಯಂತ್ರದಲ್ಲಿ ಇದ್ದುದೇ ಮೂಲ ತಂತ್ರಾಂಶ. ತೆರೆ ಬೆಳಗುವುದು, ಬೆರಳಿನ ಸ್ಪರ್ಶ ತಿಳಿಯುವುದು, ಆ್ಯಪುಗಳು ನಡೆಯುವುದು ಎಲ್ಲವೂ ಅದರಿಂದಲೇ. ಹೊಸ ಆವೃತ್ತಿ ಇಳಿಯುತ್ತಿರುವಾಗ ಬ್ಯಾಟರಿ ಬರಿದಾದರೆ, ಇಲ್ಲವೇ ಯಾರೋ ಕೈಯಾಡಿಸಿ ಹೊರಗಿನ ತಂತ್ರಾಂಶ ತುಂಬಿದರೆ ಅದು ಕೆಡುತ್ತದೆ. ಕೆಟ್ಟುದನ್ನು ಅಳಿಸಿ ಮೂಲವನ್ನೇ ಮತ್ತೆ ಬರೆಯಬಹುದು. ಆದರೆ ಇದಕ್ಕೆ ಒಂದು ಮಿತಿಯುಂಟು. ತೆಂಗಿನ ಗರಿ ಎಷ್ಟು ಒಣಗಿದರೂ ಮರ ಚೇತರಿಸಿಕೊಂಡೀತು. ಸುಳಿ ಕೊಳೆತರೆ ಮರ ಹೋದಂತೆಯೇ. ಟ್ಯಾಬ್ಲೆಟ್ಟಿಗೂ ಅಂತಹ ಒಂದು ಸುಳಿ ಇದೆ. ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವ ಬೂಟ್‌ಲೋಡರ್ ಎಂಬ ಭಾಗವೇ ಅದು. ಅದು ಬದುಕಿದ್ದರೆ ಉಳಿದುದನ್ನು ಮತ್ತೆ ತುಂಬಬಹುದು.

ಕಂಪೆನಿಯಿಂದ ಕಂಪೆನಿಗೆ ವಿಧಾನ ಬೇರೆ. ಇಲ್ಲಿ ಸ್ಯಾಮ್ಸಂಗ್ ಟ್ಯಾಬ್ಲೆಟ್ಟಿನ ಕ್ರಮವನ್ನು ಮಾತ್ರ ಹೇಳುತ್ತೇನೆ. ನಾನು ಓದಿದ್ದು ಕೃಷಿ ಡಿಪ್ಲೊಮಾ, ಕಂಪ್ಯೂಟರ್ ಅಲ್ಲ. ಆದರೂ ಇದು ರಾಗಿಯ ಬೀಜೋಪಚಾರಕ್ಕಿಂತ ಕಷ್ಟದ ಕೆಲಸವಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ತಾಳ್ಮೆ ಮಾತ್ರ ಬೇಕು.

ಮೊದಲು ಯಂತ್ರದ ಬೆನ್ನು ನೋಡಿರಿ. ಬ್ಯಾಟರಿ ಉಬ್ಬಿ ಬೆನ್ನು ಎದ್ದಿದ್ದರೆ ಅದನ್ನು ಚಾರ್ಜಿಗೆ ಹಾಕಲೇಕೂಡದು, ಬೆಂಕಿ ಹತ್ತಬಹುದು. ಹಾಗಿಲ್ಲದಿದ್ದರೆ ಕೆಲವು ಗಂಟೆ ಚಾರ್ಜಿಗೆ ಇಡಿರಿ. ಬಳಿಕ ಯಂತ್ರವನ್ನು ಆರಿಸಿ, ಮುಂದೆ ಹೋಮ್ ಗುಂಡಿ ಇರುವ ಮಾದರಿಗಳಲ್ಲಿ ಹೋಮ್, ಧ್ವನಿ ಏರಿಸುವ ಗುಂಡಿ, ಪವರ್ ಈ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದರೆ ರಿಕವರಿ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಕ್ಯಾಶೆ ಅಳಿಸುವ ಸಾಲನ್ನು ಆರಿಸಿರಿ. ಇದರಿಂದ ಪಟ, ಕಾಗದ ಯಾವುದೂ ಹೋಗುವುದಿಲ್ಲ, ಕೆಲವು ಯಂತ್ರಗಳು ಇಷ್ಟಕ್ಕೇ ಸರಿಹೋಗುತ್ತವೆ. ಅದೇ ಪಟ್ಟಿಯಲ್ಲಿರುವ ಫ್ಯಾಕ್ಟರಿ ರೀಸೆಟ್ ಎಂಬುದು ಹಾಗಲ್ಲ, ಒಳಗಿರುವುದನ್ನೆಲ್ಲ ಅಳಿಸುತ್ತದೆ.

ಈ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಟ್ಯಾಬ್ಲೆಟ್ ಎಂದರೆ ಬರಿಯ ಯಂತ್ರವಲ್ಲ. ಅದರಲ್ಲಿ ಪಹಣಿಯ ಪಟ ಇರುತ್ತದೆ, ಮಗುವಿನ ನಾಮಕರಣದ ಪಟ ಇರುತ್ತದೆ, ತೀರಿಹೋದ ಹಿರಿಯರು ಮಾತನಾಡಿದ ವಿಡಿಯೊ ಇರುತ್ತದೆ. ಮರಳಿ ಸಿಗದಂತಹವು ಇವೇ. ಯಂತ್ರ ಅರ್ಧಂಬರ್ಧವಾಗಿ ತೆರೆದುಕೊಳ್ಳುತ್ತಿದ್ದರೂ ಸರಿಯೇ, ಮೊದಲು ಅವನ್ನೆಲ್ಲ ಮೆಮೊರಿ ಕಾರ್ಡಿಗೋ ಕಂಪ್ಯೂಟರಿಗೋ ಸಾಗಿಸಿಕೊಂಡು, ಕಾರ್ಡನ್ನೂ ಸಿಮ್ಮನ್ನೂ ಹೊರತೆಗೆದು ಇಡಿರಿ. ತೆರೆಯದೇ ಇದ್ದರೆ, ಒಳಗೆ ಏನಿತ್ತೆಂದು ಮನೆಯವರನ್ನೆಲ್ಲ, ಹೆಂಗಸರನ್ನೂ ಮಕ್ಕಳನ್ನೂ ಕೇಳಿ ಅವರ ಒಪ್ಪಿಗೆ ಪಡೆದೇ ಮುಂದುವರಿಯಿರಿ. ರಿಪೇರಿ ಅಂಗಡಿಗೆ ಕೊಡುವುದಾದರೂ "ಅಳಿಸುವ ಮುಂಚೆ ನನ್ನನ್ನು ಕೇಳಿ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಕೇಳುವವರು ಕಡಿಮೆ.

ಗೂಗಲ್ ಖಾತೆಯದು ಇನ್ನೊಂದು ತೊಡಕು. ಆಂಡ್ರಾಯ್ಡ್ ೫.೧ರಿಂದ ಈಚಿನ ಯಂತ್ರಗಳಲ್ಲಿ, ಎಲ್ಲವನ್ನೂ ಅಳಿಸಿದ ಮೇಲೂ ಹಿಂದಿನ ಖಾತೆಯ ಗುಪ್ತಪದ ಕೊಡದೆ ಯಂತ್ರ ತೆರೆಯದಿರಬಹುದು. ಕಳ್ಳರಿಗೆ ಉಪಯೋಗವಾಗದಿರಲೆಂದು ಮಾಡಿದ ಬೀಗವಿದು, ಮರೆತವರಿಗೂ ಬೀಗವೇ. ಆದುದರಿಂದ ನೆಂಟರು ಕೊಟ್ಟ ಯಂತ್ರವಾದರೆ ಅವರಿಗೆ ಫೋನು ಮಾಡಿ ಖಾತೆಯ ವಿಷಯ ಮೊದಲೇ ಇತ್ಯರ್ಥ ಮಾಡಿಕೊಳ್ಳಿರಿ.

ಇನ್ನು ಮಾದರಿಯ ಸಂಖ್ಯೆ. ಬೆನ್ನಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಎಸ್‌ಎಂ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ಒಂದಕ್ಷರವನ್ನೂ ಬಿಡದೆ ಬರೆದುಕೊಳ್ಳಿರಿ. ೨೦೧೬ರಲ್ಲಿ ಬಂದ ಏಳಂಗುಲದ ಗ್ಯಾಲಕ್ಸಿ ಟ್ಯಾಬ್ ಎ ಯಂತ್ರದ ಸಂಖ್ಯೆ ಎಸ್‌ಎಂ-ಟಿ೨೮೫. ಅದೇ ವರ್ಷ ನಮ್ಮ ದೇಶದಲ್ಲಿ ಮಾರಾಟವಾದ ಗ್ಯಾಲಕ್ಸಿ ಜೆ ಮ್ಯಾಕ್ಸ್ ಎಂಬುದರ ಸಂಖ್ಯೆ ಎಸ್‌ಎಂ-ಟಿ೨೮೫ವೈಡಿ. ಎರಡು ಅಕ್ಷರದ ವ್ಯತ್ಯಾಸ, ಆದರೆ ತಂತ್ರಾಂಶ ಬೇರೆ. ಜಿಪಿಯು-೨೮ ಮತ್ತು ಎಂಎಲ್-೩೬೫ ರಾಗಿಯ ಬೀಜಗಳನ್ನು ಅಂಗೈಯಲ್ಲಿ ಹಾಕಿಕೊಂಡರೆ ಯಾರು ತಾನೇ ಬೇರ್ಪಡಿಸಬಲ್ಲರು? ಚೀಲದ ಚೀಟಿಯೇ ಆಧಾರ. ಇಲ್ಲಿಯೂ ಹಾಗೆಯೇ. ಅಲ್ಲದೆ ಕಡತಗಳಿಗೆ ಪ್ರದೇಶದ ಗುರುತೂ ಇರುತ್ತದೆ; ಐಎನ್‌ಎಸ್, ಐಎನ್‌ಯು ಎಂಬುವು ಭಾರತದವು.

ಕಡತವು ಒಂದು ಜಿಬಿಗೂ ಮೀರಬಹುದು, ದಿನದ ಡೇಟಾ ಸಾಲದೆ ಹೋಗಬಹುದು. ಅದನ್ನು ಮೊದಲೇ ಯೋಚಿಸಿಕೊಳ್ಳಿ. ತುಂಬಲು ಬಳಸುವ ಸಲಕರಣೆಯ ಹೆಸರು ಓಡಿನ್. ಇದು ಸ್ಯಾಮ್ಸಂಗ್ ಸೇವಾ ಕೇಂದ್ರಗಳವರ ಸಲಕರಣೆ. ಕಂಪೆನಿಯು ಸಾರ್ವಜನಿಕರಿಗೆ ಹಂಚುವುದಿಲ್ಲವಾದ್ದರಿಂದ ಇದರ ಹೆಸರಿನಲ್ಲಿ ಹುಳುಕು ತಂತ್ರಾಂಶ ಹಂಚುವವರೂ ಇದ್ದಾರೆ. ವೈರಸ್ ತಪಾಸಣೆ ಮಾಡದೆ ತೆರೆಯಬೇಡಿರಿ. ಟ್ಯಾಬ್ಲೆಟ್ಟಿನ ಕಡತಕ್ಕಾದರೆ ಕಂಪೆನಿಯ ಸಹಿ ಇರುತ್ತದೆ. ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ, ೧೨೪೬ರಷ್ಟು ಹಿಂದೆ, ಬೈಚೋಜನೂ ಮಲ್ಲಿತಮ್ಮನೂ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ಹೆಸರು ಕೆತ್ತಿದ್ದಾರಲ್ಲವೇ? ಇದೂ ಅಂತಹುದೇ ಗುರುತು, ಆದರೆ ಅಂಕಿಗಳಲ್ಲಿ. ಸಹಿ ತಾಳೆಯಾಗದಿದ್ದರೆ ಬೂಟ್‌ಲೋಡರ್ ಕಡತವನ್ನು ನಿರಾಕರಿಸಬಹುದು.

ಕೆಲಸಕ್ಕೆ ವಿಂಡೋಸ್ ಇರುವ ಲ್ಯಾಪ್‌ಟಾಪ್ ಬೇಕು. ಮೇಜಿನ ಕಂಪ್ಯೂಟರ್ ಬೇಡವೆನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆ ಕರೆಂಟು ಯಾವ ಗಳಿಗೆಯಲ್ಲಿ ಹೋಗುವುದೋ ಬಲ್ಲವರಿಲ್ಲ. ಸುಳಿಯನ್ನು ಬರೆಯುತ್ತಿರುವಾಗ ಹೋಯಿತೆಂದರೆ ಯಂತ್ರಕ್ಕೆ ಕೊನೆಗಾಲ. ಲ್ಯಾಪ್‌ಟಾಪಿನಲ್ಲೂ ಟ್ಯಾಬ್ಲೆಟ್ಟಿನಲ್ಲೂ ಬ್ಯಾಟರಿ ತುಂಬಿರಲಿ. ಕಂಪೆನಿಯ ಯುಎಸ್‌ಬಿ ಡ್ರೈವರ್ ಹಾಕಿಕೊಂಡು, ಕೀಸ್ ಎಂಬ ತಂತ್ರಾಂಶ ಇದ್ದರೆ ಮುಚ್ಚಿಬಿಡಿ, ಅದು ಅಡ್ಡ ಬರುತ್ತದೆ.

ಈಗ ಯಂತ್ರವನ್ನು ಆರಿಸಿ, ಹೋಮ್, ಧ್ವನಿ ಇಳಿಸುವ ಗುಂಡಿ, ಪವರ್ ಮೂರನ್ನೂ ಒಟ್ಟಿಗೆ ಹಿಡಿಯಿರಿ. ಎಚ್ಚರಿಕೆಯ ತೆರೆ ಬಂದಾಗ ಧ್ವನಿ ಏರಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ ಡೌನ್‌ಲೋಡ್ ಸ್ಥಿತಿ ಬರುತ್ತದೆ. ಈ ತೆರೆ ಬಂದಿತೆಂದರೆ ಸಂತೋಷಪಡಿರಿ, ಸುಳಿ ಬದುಕಿದೆ. ಕೇಬಲ್ ಜೋಡಿಸಿದೊಡನೆ ಓಡಿನ್ನಿನ ಮೇಲ್ಭಾಗದ ಒಂದು ಚೌಕ ಬಣ್ಣ ತಾಳಿ, ಯಂತ್ರ ಸೇರಿತೆಂದು ಬರೆದು ತೋರಿಸುತ್ತದೆ. ಎಪಿ ಎಂಬ ಗುಂಡಿ ಒತ್ತಿ (ಹಳೆಯ ಓಡಿನ್ನಿನಲ್ಲಿ ಇದೇ ಪಿಡಿಎ) ಕಡತವನ್ನು ಆರಿಸಿರಿ. ಅದು ಕಡತವನ್ನು ಪರೀಕ್ಷಿಸಿ ಮುಗಿಸುವ ತನಕ ಮಿಸುಕಾಡುವುದಿಲ್ಲ, ಗಾಬರಿಯಾಗಬೇಡಿ. ರಿ-ಪಾರ್ಟಿಷನ್ ಎಂಬಲ್ಲಿ ಗುರುತು ಹಾಕಲೇಕೂಡದು. ಉಳಿದ ಗುರುತುಗಳನ್ನು ಇದ್ದಂತೆಯೇ ಬಿಟ್ಟು ಸ್ಟಾರ್ಟ್ ಒತ್ತಿರಿ. ಆಮೇಲೆ ಯಾರೂ ಕೇಬಲ್ಲಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದೇ ಕೆಲಸ.

ಹಸಿರು ಬಣ್ಣದಲ್ಲಿ ಪಾಸ್ ಎಂದು ಬಂದರೆ ಮುಗಿಯಿತು. ಮೊದಲ ಸಲ ತೆರೆಯಲು ಹತ್ತು ನಿಮಿಷ ಹಿಡಿದರೂ ಕಾಯಬೇಕು. ಆಗಲೂ ಹೆಸರಿನಲ್ಲೇ ನಿಂತಿದ್ದರೆ, ಒಳಗಿನದು ಹೋಗುವುದೆಂದು ತಿಳಿದೇ, ರಿಕವರಿಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿರಿ. ಕೆಂಪು ಬಣ್ಣದಲ್ಲಿ ಫೇಲ್ ಎಂದು ಬಂದರೆ ಅನೇಕ ವೇಳೆ ಕಾರಣ ಕೇಬಲ್ಲೇ. ಕೇಬಲ್ ಬದಲಿಸಿ, ಬೇರೆ ರಂಧ್ರಕ್ಕೆ ಚುಚ್ಚಿ ನೋಡಿರಿ. ಮತ್ತೂ ಆಗದಿದ್ದರೆ ಮಾದರಿಯ ಸಂಖ್ಯೆಯನ್ನು ತಾಳೆ ನೋಡಿರಿ. ಯಂತ್ರದಲ್ಲಿ ಇದ್ದುದಕ್ಕಿಂತ ಹಳೆಯ ಆವೃತ್ತಿಯನ್ನು ಕೆಲವು ಮಾದರಿಗಳು ಒಪ್ಪುವುದಿಲ್ಲ.

ಸರಿಹೋದ ಯಂತ್ರದಿಂದ ಏನು ಬಯಸಬಹುದು? ಹೊಸದಂತೆ ಆಗುತ್ತದೆಂದು ಆಸೆ ಬೇಡ. ಮೂಲ ತಂತ್ರಾಂಶವೇ ಹಳೆಯದು. ಆಂಡ್ರಾಯ್ಡ್ ೪.೪ರ ಯಂತ್ರಗಳಿಗೆ ಗೂಗಲ್ ಪ್ಲೇ ಸೇವೆಯ ಹೊಸ ಆವೃತ್ತಿಗಳು ೨೦೨೩ರಲ್ಲಿ ನಿಂತವು, ವಾಟ್ಸ್‌ಆ್ಯಪ್ ೨೦೨೫ರ ಜನವರಿಯಲ್ಲಿ ಕೈಬಿಟ್ಟಿತು. ಭದ್ರತೆಯ ತಿದ್ದುಪಡಿಗಳೂ ಬರುವುದಿಲ್ಲವಾದ್ದರಿಂದ ಬ್ಯಾಂಕಿನ ವ್ಯವಹಾರ, ಫೋನ್‌ಪೇ ಮುಂತಾದುವನ್ನು ಇದರಲ್ಲಿ ಇಟ್ಟುಕೊಳ್ಳಬೇಡಿರಿ. ಮೆಮೊರಿ ಕಾರ್ಡಿನಲ್ಲಿ ಪಾಠದ ಪುಸ್ತಕ, ವಿಡಿಯೊ ಹಾಕಿ ಮಕ್ಕಳಿಗೆ ಕೊಡಲು, ಲೆಕ್ಕ ಬರೆದಿಡಲು, ಹಾಡು ಕೇಳಲು ಧಾರಾಳವಾಗಿ ಆಗುತ್ತದೆ. ಕೆಲಸ ಮುಗಿದ ಮೇಲೆ ಕಡತವನ್ನು ಅಳಿಸದೆ ಮಾದರಿಯ ಸಂಖ್ಯೆ ಬರೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿರಿ. ಅದೇ ಮಾದರಿಯ ಯಂತ್ರ ಪಕ್ಕದ ಬೀದಿಯಲ್ಲೂ ಇದ್ದೀತು.