ಬರ್ಲಿನ್‌ಗೆ ಹೋಗ್ತೀರಾ? ಟಿಕೆಟ್‌ಗೆ ಮುದ್ರೆ ಹಾಕಿಸೋದು ಮರೀಬೇಡಿ

ಬರ್ಲಿನ್‌ನ ಮೆಟ್ರೋ ನಿಲ್ದಾಣಕ್ಕೆ ಮೊದಲ ಸಲ ಇಳಿದಾಗ ನಾನು ಹುಡುಕಿದ್ದು ಗೇಟನ್ನು. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಟೋಕನ್ನೋ ಕಾರ್ಡೋ ತೋರಿಸಿದರೆ ಮಾತ್ರ ತೆರೆಯುತ್ತಲ್ಲ, ಆ ಥರದ್ದು. ಅಲ್ಲಿ ಅಂಥದ್ದೇನೂ ಇಲ್ಲ. ಮೆಟ್ಟಿಲಿಳಿದರೆ ಸೀದಾ ಪ್ಲಾಟ್‌ಫಾರ್ಮ್. ಎಂಜಿನಿಯರಿಂಗ್ ಓದಿದ ತಲೆ, ‘ಇದೆಂಥ ಡಿಸೈನ್ ಮಾರಾಯ’ ಅಂದುಕೊಂಡಿತು.

ಆದರೆ ಅಲ್ಲಿ ಟಿಕೆಟ್ ಕೊಂಡರಷ್ಟೇ ಸಾಲದು. ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಪುಟ್ಟ ಯಂತ್ರವೊಂದಕ್ಕೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದಿದ್ದರೆ ಅದು ಟಿಕೆಟ್ಟೇ ಅಲ್ಲ. ಊರನ್ನು ಎ, ಬಿ, ಸಿ ಅಂತ ಮೂರು ವಲಯ ಮಾಡಿದ್ದಾರೆ; ವಿಮಾನ ನಿಲ್ದಾಣ ಇರೋದು ಸಿ ವಲಯದಲ್ಲಿ. ಎಬಿ ಟಿಕೆಟ್ ಹಿಡಿದು ಅಲ್ಲಿಗೆ ಹೊರಟವರು ಸಿಕ್ಕಿಬೀಳ್ತಾರೆ. ತಪಾಸಣೆಯವರು ಎಷ್ಟೋ ಸಲ ಮಾಮೂಲಿ ಬಟ್ಟೆಯಲ್ಲೇ ಇರ್ತಾರೆ. ದಂಡ 60 ಯೂರೋ. ‘ಗೊತ್ತಿರಲಿಲ್ಲ’ ಅಂದರೆ ನಡೆಯಲ್ಲ, ನಾನು ಹೇಳಿ ನೋಡಿದ್ದೇನೆ.

ನಾನೇನೋ ಕಾರ್ಡ್ ಉಜ್ಜಿ ಬಚಾವಾದೆ. ಕಟ್ಟಲಾಗದವರ ಪಾಡು ಬೇರೆ. ಜರ್ಮನಿಯ ದಂಡಸಂಹಿತೆಯ 265ಎ ಕಲಂ ಪ್ರಕಾರ ಟಿಕೆಟ್ ಇಲ್ಲದೆ ಪ್ರಯಾಣಿಸುವುದು ಕ್ರಿಮಿನಲ್ ಅಪರಾಧ. ಈ ಕಲಂ ಸೇರಿದ್ದು 1935ರಲ್ಲಿ, ನಾಜಿಗಳ ಕಾಲದಲ್ಲಿ. ಪ್ರಕರಣ ಕೋರ್ಟಿಗೆ ಹೋಗಿ, ಕೋರ್ಟ್ ಹಾಕಿದ ಜುಲ್ಮಾನೆಯನ್ನೂ ಕಟ್ಟದಿದ್ದರೆ ಜೈಲು. ಹೀಗೆ ಒಳಗೆ ಹೋಗುವವರಲ್ಲಿ ಕೆಲಸವಿಲ್ಲದವರು, ಮನೆಯಿಲ್ಲದವರೇ ಹೆಚ್ಚು. 2021ರಲ್ಲಿ ಪತ್ರಕರ್ತ ಆರ್ನೆ ಸೆಮ್ಸ್‌ರಾಟ್ ಶುರುಮಾಡಿದ ‘ಫ್ರೈಹೈಟ್ಸ್‌ಫಾಂಡ್ಸ್’, ಅಂದರೆ ಸ್ವಾತಂತ್ರ್ಯ ನಿಧಿ, ದೇಣಿಗೆ ಎತ್ತಿ ಇಂಥವರ ಹಣ ಕಟ್ಟಿ ಬಿಡಿಸುತ್ತಿದೆ. ‘ಅಲ್ಲಿ ಎಲ್ಲ ನಂಬಿಕೆ ಮೇಲೆ ನಡೆಯುತ್ತೆ ಗೊತ್ತಾ’ ಅಂತ ಊರಿಗೆ ಬಂದು ಹೊಗಳುವ ನಾವು ಈ ಭಾಗವನ್ನು ಹೇಳೋದೇ ಇಲ್ಲ.

ಉಳಿದ ರಿವಾಜುಗಳು ಸುಲಭ. ಭಾನುವಾರ ಅಂಗಡಿಗಳು ಬಹುತೇಕ ಬಂದ್, ಹಾಲು-ಬ್ರೆಡ್ ಶನಿವಾರವೇ ತಂದಿಟ್ಟುಕೊಳ್ಳಿ. ಸೈಕಲ್ ದಾರಿಯಲ್ಲಿ ನಿಂತು ಮ್ಯಾಪ್ ನೋಡಬೇಡಿ. ಮಕ್ಕಳೆದುರು ಕೆಂಪು ದೀಪ ದಾಟಿದರೆ ಬೈಸಿಕೊಳ್ತೀರಿ. ಕೊಲೆಯಾದ ಯಹೂದಿಗಳ ಸ್ಮಾರಕದಲ್ಲಿ 2,711 ಕಾಂಕ್ರೀಟ್ ದಿಮ್ಮಿಗಳಿವೆ. ಅವುಗಳ ಮೇಲೆ ಹತ್ತಿ ಸೆಲ್ಫಿ ತೆಗೆಯೋದು ದಯವಿಟ್ಟು ಬೇಡ.

ಇನ್ನೊಂದು, ಖಾಲಿ ಬಾಟಲಿ. ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್, ಕ್ಯಾನಿಗೆ 25 ಸೆಂಟ್ ಠೇವಣಿ ಇರುತ್ತೆ; ಅಂಗಡಿಗೆ ಮರಳಿಸಿದರೆ ಆ ದುಡ್ಡು ವಾಪಸ್. ಇವನ್ನು ಆರಿಸಿ ದಿನ ದೂಡುವವರಿದ್ದಾರೆ, ವಯಸ್ಸಾದವರೂ ಇದ್ದಾರೆ. ಅದಕ್ಕೇ ಅಲ್ಲಿನ ಜನ ಬಾಟಲಿಯನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗ್ತಾರೆ, ಯಾರೂ ಕಸಕ್ಕೆ ಕೈಹಾಕಿ ತಡಕಾಡಬಾರದು ಅಂತ. ನೀವೂ ಹಾಗೇ ಮಾಡಿ. ನಾನು ಕಟ್ಟಿದ 60 ಯೂರೋ ಹುಟ್ಟಬೇಕಾದರೆ ಅವರು 240 ಕ್ಯಾನ್ ಆರಿಸಬೇಕು.