ಉಗ್ರಾಣದ ಬೀಗದ ಕೈ ಯಾರ ಬಳಿ?

ಮದುವೆ ಮನೆಯ ಅಡುಗೆ ಭಟ್ಟರು ತೆಂಗು ಬೆಳೆಯುವುದಿಲ್ಲ, ಬೆಲ್ಲ ಕಾಯಿಸುವುದಿಲ್ಲ. ಸಾಮಾನಿನ ಪಟ್ಟಿ ಬರೆದುಕೊಡುತ್ತಾರೆ, ಉಗ್ರಾಣದವರು ಅದರಂತೆ ತೆಗೆದುಕೊಡುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರ ಕೆಲಸವೂ ಹೆಚ್ಚುಕಡಿಮೆ ಹೀಗೆಯೇ. ಚಿತ್ರ ತೋರಿಸಲು, ನಕ್ಷೆ ಬಿಡಿಸಲು, ಸಂದೇಶ ಕಳಿಸಲು ಬೇಕಾದ ಪ್ರತಿಯೊಂದು ಭಾಗವನ್ನೂ ಅವರು ತಾವೇ ಬರೆಯುವುದಿಲ್ಲ. ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ತುಣುಕುಗಳನ್ನು ತರಿಸಿಕೊಂಡು ಜೋಡಿಸುತ್ತಾರೆ. ಅವರ ಪಟ್ಟಿ ಓದಿ, ಯಾವ ತುಣುಕಿಗೆ ಇನ್ನಾವುದು ಬೇಕು, ಯಾವ ಆವೃತ್ತಿ ಯಾವುದಕ್ಕೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ತಂದುಕೊಡುವ ತಂತ್ರಾಂಶವೇ ಪ್ಯಾಕೇಜ್ ಮ್ಯಾನೇಜರ್.

ಈ ಉಗ್ರಾಣವನ್ನು ನೋಡಿಕೊಳ್ಳುವವರು ಯಾರು? ಅವರು ದಣಿದು ಕೈಬಿಟ್ಟರೆ ಗತಿ ಏನು? ಐಫೋನ್ ಆ್ಯಪ್‌ಗಳ ಉಗ್ರಾಣವಾದ ಕೋಕೋಪಾಡ್ಸ್‌ನ ಕಥೆ ಈ ಪ್ರಶ್ನೆಗಳನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ.

ಇಂಥ ವ್ಯವಸ್ಥೆಗಳು ಹೊಸವಲ್ಲ. ಪರ್ಲ್ ಎಂಬ ಕಂಪ್ಯೂಟರ್ ಭಾಷೆಯನ್ನು ಬಳಸುವವರು 1995ರಲ್ಲೇ ಸಿಪ್ಯಾನ್ ಎಂಬ ಸಾಮೂಹಿಕ ಭಂಡಾರ ತೆರೆದಿದ್ದರು. ರೂಬಿ ಭಾಷೆಯವರಿಗೆ ರೂಬಿಜೆಮ್ಸ್ ಇತ್ತು. ಆಪಲ್ ಕಂಪನಿ 2008ರಲ್ಲಿ ಐಫೋನಿನ ಬಾಗಿಲನ್ನು ಹೊರಗಿನವರ ಆ್ಯಪ್‌ಗಳಿಗೆ ತೆರೆಯಿತಾದರೂ ಇಂಥದೊಂದು ಅನುಕೂಲವನ್ನು ಒದಗಿಸಲಿಲ್ಲ. ಆ ಕೊರತೆ ತುಂಬಲು ಎಲೊಯ್ ಡುರಾನ್ ಎಂಬ ಪ್ರೋಗ್ರಾಮರ್ 2011ರಲ್ಲಿ ರೂಬಿಜೆಮ್ಸ್ ಮಾದರಿಯಲ್ಲಿ ಕೋಕೋಪಾಡ್ಸ್ ಆರಂಭಿಸಿದರು. ಆಪಲ್‌ನ ತಂತ್ರಾಂಶ ಚೌಕಟ್ಟಿನ ಹೆಸರು ಕೋಕೋ. ಪಾಡ್ ಎಂದರೆ ಕಾಯಿ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕಾಣುವ ಕೋಕೋ ಕಾಯಿಯ ಹೆಸರೇ ಇದು.

ಕೆಲವೇ ವರ್ಷಗಳಲ್ಲಿ ಐಫೋನ್ ಆ್ಯಪ್ ಬರೆಯುವವರಿಗೆ ಇದು ದಿನಬಳಕೆಯ ಸಾಧನವಾಯಿತು. ಗೂಗಲ್‌ನ ಫ್ಲಟರ್, ಫೇಸ್‌ಬುಕ್‌ನ ರಿಯಾಕ್ಟ್ ನೇಟಿವ್ ಮುಂತಾದ ದೊಡ್ಡ ಸಾಧನಗಳೂ ಐಫೋನಿನ ಮಟ್ಟಿಗೆ ಇದನ್ನೇ ನೆಚ್ಚಿಕೊಂಡವು. ಆದರೆ ಇದನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಬಿಡುವಿನ ವೇಳೆಯಲ್ಲಿ ದುಡಿಯುವ ಬೆರಳೆಣಿಕೆಯ ಸ್ವಯಂಸೇವಕರು. ಆಪಲ್ ತನ್ನ ಉಪಕರಣಗಳನ್ನು ವರ್ಷವರ್ಷವೂ ಬದಲಿಸುತ್ತದೆ. ಪ್ರತಿಸಲವೂ ಏನಾದರೊಂದು ಕೆಟ್ಟು ನಿಲ್ಲುತ್ತದೆ, ಯಾರಾದರೂ ಕುಳಿತು ಸರಿಪಡಿಸಬೇಕು. ಹೊಸದನ್ನು ಕಟ್ಟಿದವರಿಗೆ ಹೆಸರು ಬರುತ್ತದೆ. ಕಟ್ಟಿದ್ದನ್ನು ಕೆಡದಂತೆ ಕಾಯುವವರನ್ನು ಯಾರೂ ಗಮನಿಸುವುದಿಲ್ಲ.

ವಾರಸುದಾರರಿಲ್ಲದ ತುಣುಕುಗಳು

ನಿರ್ವಹಣೆ ಸಡಿಲವಾದರೆ ಏನಾಗಬಹುದು ಎಂಬುದಕ್ಕೆ ಕೋಕೋಪಾಡ್ಸ್‌ನಲ್ಲೇ ಉದಾಹರಣೆಯಿದೆ. 2014ರಲ್ಲಿ ಅದು ತನ್ನ ನೋಂದಣಿ ವ್ಯವಸ್ಥೆಯನ್ನು ಟ್ರಂಕ್ ಎಂಬ ಹೊಸ ಸರ್ವರ್‌ಗೆ ವರ್ಗಾಯಿಸಿತು. ತುಣುಕು ಬರೆದವರೆಲ್ಲ ಬಂದು ‘ಇದು ನನ್ನದು’ ಎಂದು ಹಕ್ಕು ಸಾಧಿಸಬೇಕಿತ್ತು. ಹಲವರು ಬರಲೇ ಇಲ್ಲ. ಹೀಗೆ 1,800ಕ್ಕೂ ಹೆಚ್ಚು ತುಣುಕುಗಳು ವಾರಸುದಾರರಿಲ್ಲದೆ ಉಳಿದವು. ಹಕ್ಕು ಸಾಧಿಸುವ ಬಾಗಿಲನ್ನೂ ಯಾರೂ ಮುಚ್ಚಲಿಲ್ಲ. ಯಾರು ಬೇಕಾದರೂ ಒಳಹೊಕ್ಕು, ಆ ತುಣುಕಿಗೆ ಒಡೆಯರಾಗಿ, ಅದರಲ್ಲಿ ಕೇಡಿನ ಸಾಲುಗಳನ್ನು ಸೇರಿಸಬಹುದಿತ್ತು. ಅದನ್ನು ಬಳಸುವ ಆ್ಯಪ್‌ಗಳ ಮೂಲಕ ಅವು ಜನರ ಫೋನಿಗೆ ತಲುಪಬಹುದಿತ್ತು.

ಇ.ವಿ.ಎ. ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಇದನ್ನು ಪತ್ತೆಹಚ್ಚಿ ತಿಳಿಸಿದ ಮೇಲೆ 2023ರಲ್ಲಿ ಬಾಗಿಲು ಮುಚ್ಚಿತು. ಲೋಕಕ್ಕೆ ವಿಷಯ ಗೊತ್ತಾದದ್ದು 2024ರ ಜುಲೈನಲ್ಲಿ. ದುರುಪಯೋಗವಾದ ನೇರ ಪುರಾವೆ ಸಿಗಲಿಲ್ಲ ಎಂಬುದೇ ಸಮಾಧಾನ. ಆದರೆ ಒಂಬತ್ತು ವರ್ಷ ಬೀಗವಿಲ್ಲದ ಬಾಗಿಲೊಂದು ಯಾರ ಕಣ್ಣಿಗೂ ಬೀಳದೆ ಇತ್ತಲ್ಲ!

ದಣಿದವರ ಜಾಗಕ್ಕೆ ಬರುವವರೆಲ್ಲ ಒಳ್ಳೆಯವರೇ ಆಗಿರಬೇಕೆಂದೂ ಇಲ್ಲ. ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ನೆರವಿನ ನೆಪದಲ್ಲಿ ಬಂದ ಅನಾಮಿಕನೊಬ್ಬ ವರ್ಷಗಟ್ಟಲೆ ದುಡಿದು ವಿಶ್ವಾಸ ಗಳಿಸಿ, ಕೊನೆಗೆ ಅದರಲ್ಲಿ ಕಳ್ಳಗಿಂಡಿ ಕೊರೆದಿಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದದ್ದು ಆಕಸ್ಮಿಕವಾಗಿ. ಕಂಪ್ಯೂಟರ್ ಪ್ರವೇಶಕ್ಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಏಕೆ ಎಂದು ಅವರು ಹುಡುಕಲು ಹೊರಟಿದ್ದರು.

ಹೇಳಿ ಮುಚ್ಚುವ ಬಾಗಿಲು

ಈ ನಡುವೆ ಆಪಲ್ 2015ರಲ್ಲಿ ತನ್ನದೇ ಸ್ವಿಫ್ಟ್ ಪ್ಯಾಕೇಜ್ ಮ್ಯಾನೇಜರ್ ಹೊರತಂದಿತ್ತು. 2019ರಲ್ಲಿ ಅದನ್ನು ಆ್ಯಪ್ ಬರೆಯುವ ಎಕ್ಸ್‌ಕೋಡ್‌ನೊಳಗೇ ಸೇರಿಸಿತು. ಬಳಕೆದಾರರು ಕ್ರಮೇಣ ಅತ್ತ ವಾಲಿದರು. 2024ರ ಆಗಸ್ಟ್‌ನಲ್ಲಿ ಕೋಕೋಪಾಡ್ಸ್ ತಂಡ ಇನ್ನು ಮುಂದೆ ಹೊಸ ಸೌಲಭ್ಯಗಳಿಲ್ಲ, ಅಗತ್ಯ ದುರಸ್ತಿ ಮಾತ್ರ ಎಂದು ಘೋಷಿಸಿತು. 2026ರ ಡಿಸೆಂಬರ್‌ನಲ್ಲಿ ನೋಂದಣಿ ಪುಸ್ತಕ ಮುಚ್ಚುವ ಯೋಜನೆಯನ್ನು ಅದೇ ನವೆಂಬರ್‌ನಲ್ಲಿ ಪ್ರಕಟಿಸಿತು. ಅದರ ಪ್ರಕಾರ ಇರುವ ತುಣುಕುಗಳನ್ನು ಆಮೇಲೂ ಪಡೆಯಬಹುದು. ಹೊಸದನ್ನಾಗಲಿ, ಹಳೆಯದರ ಹೊಸ ಆವೃತ್ತಿಯನ್ನಾಗಲಿ ಸೇರಿಸುವಂತಿಲ್ಲ.

ಇದನ್ನು ಸೋಲು ಎನ್ನುವವರಿದ್ದಾರೆ. ಆದರೆ ಎರಡು ವರ್ಷ ಮೊದಲೇ ತಿಳಿಸಿ ಬೀಗ ಹಾಕುವುದು, ಹೇಳದೆ ಬಿಟ್ಟುಹೋಗುವುದಕ್ಕಿಂತ ಎಷ್ಟೋ ಮೇಲು. ಹೊಸ ಸಾಮಾನು ಸೇರದ ಕಡೆ ಹೊಸದಾಗಿ ವಿಷ ಬೆರೆಸುವುದೂ ಕಷ್ಟ. ಬದಲಾಯಿಸಿಕೊಳ್ಳುವವರಿಗೂ ಕಾಲಾವಕಾಶ ಸಿಗುತ್ತದೆ.

ಮುಕ್ತ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ; ಅದರ ನಿರ್ವಹಣೆ ಪುಕ್ಕಟೆಯಲ್ಲ. ಆ ಖರ್ಚನ್ನು ಈವರೆಗೆ ಯಾರದೋ ರಾತ್ರಿಗಳು, ಯಾರದೋ ಭಾನುವಾರಗಳು ಭರಿಸಿವೆ. ಜರ್ಮನಿ ಸರ್ಕಾರ 2022ರಲ್ಲಿ ಇಂಥ ತಂತ್ರಾಂಶಗಳ ಪೋಷಣೆಗೆಂದೇ ನಿಧಿಯೊಂದನ್ನು ತೆರೆಯಿತು. ಈ ಉಗ್ರಾಣಗಳಿಂದ ದಿನವೂ ಸಾಮಾನು ಒಯ್ಯುವ ಕಂಪನಿಗಳು, ಬೀಗದ ಕೈ ಹಿಡಿದವರ ಯೋಗಕ್ಷೇಮವನ್ನು ಅವರು ದಣಿಯುವ ಮೊದಲೇ ವಿಚಾರಿಸುವುದು ಒಳ್ಳೆಯದು.