ಅಂಕಿತವೆಂಬ ಕೀಲಿ

ಉಡುತಡಿಯ ರೈತರಿಗೆ ಡೇಟಾಬೇಸ್ ಹೊಸದಲ್ಲ. ಸರ್ವೆ ನಂಬರ್ ಹೇಳಿದರೆ ಪಹಣಿ ಕೈಗೆ ಬರುತ್ತದಲ್ಲ, ಅದು 'ಭೂಮಿ' ಡೇಟಾಬೇಸಿನ ಕೆಲಸ. ಆದರೆ ಡೇಟಾಬೇಸ್ ಕಟ್ಟುವ ಕಸುಬಿನ ಚೆಲುವು ನನಗೆ ಹೊಳೆದದ್ದು ಅದೇ ಊರಿನ ಮಗಳು ಅಕ್ಕಮಹಾದೇವಿಯ ವಚನಗಳಿಂದ.

ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನಗಳ ಓಲೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಮುಂದೆ ಸರ್ಕಾರವೇ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಅಚ್ಚು ಹಾಕಿಸಿತು. 20,000ಕ್ಕೂ ಹೆಚ್ಚು ವಚನಗಳು! 'ಗಿಳಿ' ಎಂಬ ಮಾತನ್ನು ಅಕ್ಕನಲ್ಲದೆ ಇನ್ನಾರು ಬಳಸಿದ್ದಾರೆಂದು ಅವುಗಳಲ್ಲಿ ಪುಟ ಮಗುಚಿ ಹುಡುಕಲು ಎಷ್ಟು ತಿಂಗಳು ಬೇಕು? 'ವಚನ ಸಂಚಯ' ಎಂಬ ಜಾಲತಾಣಕ್ಕೆ ಕ್ಷಣ ಸಾಕು.

ವಚನಗಳನ್ನು ಟೈಪು ಮಾಡಿ ಒಂದೆಡೆ ಒಟ್ಟಿದರೆ ಅದು ರಾಶಿ, ಅಷ್ಟೇ. ಡೇಟಾಬೇಸಿನಲ್ಲಿ ಪ್ರತಿ ವಚನಕ್ಕೆ ಒಂದು ಸಾಲು. ಆ ಸಾಲಿನಲ್ಲಿ ಪಠ್ಯಕ್ಕೊಂದು ಮನೆ, ವಚನಕಾರರಿಗೊಂದು, ವಚನ ಯಾರದೆಂದು ಹೇಳುವ ಅಂಕಿತಕ್ಕೊಂದು. ಹೀಗೆ ಮನೆ ಕಟ್ಟಿಕೊಟ್ಟಾಗಲೇ ಕೇಳಿದ ಪ್ರಶ್ನೆಗೆ ಉತ್ತರ ಬರುವುದು. ಸಾಲು–ಕಂಬಗಳ ಕೋಷ್ಟಕಗಳನ್ನು ಒಂದಕ್ಕೊಂದು ಹೆಣೆಯುವ ಈ ವಿಧಾನವನ್ನು 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮಂಡಿಸಿದರು.

ಕೋಷ್ಟಕ ಕಟ್ಟುವವರ ತಾಳ್ಮೆ ದೊಡ್ಡದು. ಅಂಕಿತ 'ಕೂಡಲಸಂಗಮದೇವ' ಎಂದರೆ ಬಸವಣ್ಣ. ನಡುವೆ 'ಚೆನ್ನ' ಸೇರಿ 'ಕೂಡಲಚೆನ್ನಸಂಗಮದೇವ' ಆಯಿತೋ, ಚೆನ್ನಬಸವಣ್ಣ. ಎರಡಕ್ಷರ ತಪ್ಪಿದರೆ ಮಾವನ ವಚನ ಸೋದರಳಿಯನ ಪಾಲು! ಅಲ್ಲಮನ ಅಂಕಿತವೋ 'ಗುಹೇಶ್ವರ' ಎಂದೂ ಉಂಟು, 'ಗೊಹೇಶ್ವರ' ಎಂದೂ ಉಂಟು. ಕಂಪ್ಯೂಟರಿಗೆ ಅವೆರಡೂ ಬೇರೆ. ಸಾಲದ್ದಕ್ಕೆ ಕನ್ನಡದಲ್ಲಿ ಗಿಳಿ ಬರಿಯ ಗಿಳಿಯಾಗಿ ಉಳಿಯದೆ ಗಿಳಿಯೆ, ಗಿಳಿಗೆ, ಗಿಳಿಗಳು ಆಗುತ್ತದೆ. ಇವೆಲ್ಲ ಒಂದೇ ಎಂದು ಯಂತ್ರಕ್ಕೆ ಕಲಿಸುವವರು ಭಾಷೆ ಬಲ್ಲವರೇ ಆಗಿರಬೇಕು.

'ಡೇಟಾಬೇಸ್' ಎಂಬ ಮಾತಿನ ಬಳಕೆ ಮಾತ್ರ ಸಡಿಲ. ಕೂಡಿಟ್ಟ ಮಾಹಿತಿಯೂ ಡೇಟಾಬೇಸ್, ಅದನ್ನು ಕಾಯುವ ಒರಾಕಲ್‌ನಂಥ ತಂತ್ರಾಂಶವೂ ಡೇಟಾಬೇಸ್. ಅಂಗಡಿಯವರು ಗಿರಾಕಿಗಳ ಪಟ್ಟಿಯನ್ನೂ ಹಾಗೇ ಕರೆಯುತ್ತಾರೆ. 'ದತ್ತಸಂಚಯ' ಎಂಬ ಕನ್ನಡ ಪದ ನನಗಿಷ್ಟ, ಏಕೆಂದರೆ ಅದು ನಿಲ್ಲುವುದು ಸಂಚಯದ ಮೇಲೆ, ಯಂತ್ರದ ಮೇಲಲ್ಲ.

ಒಮ್ಮೆ 'ವಚನ ಸಂಚಯ' ತೆರೆದು ನಿಮಗಿಷ್ಟವಾದ ಒಂದು ಪದ ಕೊಟ್ಟು ನೋಡಿ. ಉತ್ತರ ಬಂದಾಗ, ಆ ಸಾಲುಗಳನ್ನು ಒಂದೊಂದಾಗಿ ತಿದ್ದಿ ಕೂರಿಸಿದ ಕೈಗಳನ್ನೂ ನೆನೆಯಿರಿ.